ನೆಲದಡಿಯ ಲೋಡರ್, ನೆಲದ ಮೇಲಿನ ಕುರ್ಚಿ: ಗಣಿ ಯಂತ್ರವನ್ನು ದೂರದಿಂದ ನಡೆಸುವ ಕ್ರಮ

ಭೂಗತ ಗಣಿಯಲ್ಲಿ ಸ್ಫೋಟದಿಂದ ಒಡೆದ ಅದಿರನ್ನು ಬಕೆಟ್ಟಿನಲ್ಲಿ ಬಾಚಿ, ಸುರಂಗದಲ್ಲಿ ಹೊತ್ತು ತಂದು, ಓರ್ ಪಾಸ್‌ಗೆ, ಎಂದರೆ ಅದಿರು ಕೆಳಗಿನ ಹಂತಕ್ಕೆ ಜಾರುವ ಬಾವಿಗೆ, ಸುರಿಯುವ ಯಂತ್ರ ಎಲ್‌ಎಚ್‌ಡಿ (ಲೋಡ್, ಹಾಲ್, ಡಂಪ್). ಗಣಿಯವರ ಬಾಯಲ್ಲಿ ಅದು ಬರೀ ಲೋಡರ್. 17 ಟನ್ ಹೊರುವ ಲೋಡರ್‌ನ ತುಂಬಿದ ತೂಕ 60 ಟನ್ ದಾಟುತ್ತದೆ, ಅಗಲ ಸುಮಾರು 3 ಮೀಟರ್. ಅದು ಓಡಾಡುವ ಸುರಂಗದ ಅಗಲ 4.5ರಿಂದ 5.5 ಮೀಟರ್. ಎಂದರೆ ಎರಡೂ ಬದಿಗೆ ಉಳಿಯುವುದು ಒಂದೊಂದು ಮೀಟರ್ ಆಸುಪಾಸು. ಇಂಥ ಯಂತ್ರ ಆಧಾರವಿಲ್ಲದ ಬಂಡೆಯ ಕೆಳಗೆ ನುಗ್ಗುವಾಗ ಅದರೊಳಗೆ ಮನುಷ್ಯ ಇರಬಾರದು ಎಂಬುದೇ ದೂರದಿಂದ ನಡೆಸುವುದಕ್ಕೆ ಮೂಲ ಕಾರಣ. ಸ್ಫೋಟದ ಹೊಗೆ ಇಳಿಯುವ ತನಕ ಕಾಯಬೇಕಿಲ್ಲ, ಶಿಫ್ಟ್ ಬದಲಾಗುವಾಗ ಕೆಲಸ ನಿಲ್ಲುವುದಿಲ್ಲ ಎಂಬ ಲಾಭಗಳೆಲ್ಲ ಆಮೇಲಿನವು.

ಇಲ್ಲಿ ಲೋಡರ್ ಅನ್ನೇ ಮುಖ್ಯವಾಗಿ ಹಿಡಿದು ವಿವರಿಸಿದ್ದೇವೆ, ಏಕೆಂದರೆ ಎಲ್ಲ ತೊಡಕುಗಳೂ ಅದರಲ್ಲಿ ಒಟ್ಟಿಗೆ ಎದುರಾಗುತ್ತವೆ. ಆದರೆ ನಿಮ್ಮ ಗಣಿಗೆ ಇದು ಮೊದಲ ಪ್ರಯತ್ನವಾಗಿದ್ದರೆ ಲೋಡರ್‌ನಿಂದ ಶುರು ಮಾಡಬೇಡಿ. ಗ್ರಿಜ್ಲಿಯ, ಎಂದರೆ ದಪ್ಪ ಕಲ್ಲು ತಡೆಯುವ ಕಬ್ಬಿಣದ ಜಾಲರಿಯ, ಮೇಲೆ ದೊಡ್ಡ ಬಂಡೆ ಒಡೆಯುವ ರಾಕ್ ಬ್ರೇಕರ್‌ನಿಂದ ಶುರು ಮಾಡಿ. ಅದು ಒಂದೇ ಕಡೆ ನಿಂತಿರುತ್ತದೆ, ಕೇಬಲ್ಲಿನಲ್ಲೇ ಸಂಪರ್ಕ ಕೊಡಬಹುದು, ರೇಡಿಯೊ ಗೊಡವೆ ಇಲ್ಲ. ಕ್ಯಾಮೆರಾ, ಜಾಯ್‌ಸ್ಟಿಕ್, ತುರ್ತು ನಿಲುಗಡೆ, ಗೇಟಿನ ಶಿಸ್ತು ಇವೆಲ್ಲ ಆಪರೇಟರ್‌ಗಳಿಗೂ ಮೆಕ್ಯಾನಿಕ್‌ಗಳಿಗೂ ಅಲ್ಲೇ ಪಳಗುತ್ತವೆ.

ಯಾವ ಬಗೆಯ ನಿಯಂತ್ರಣ

ರಿಮೋಟ್ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಮೊದಲನೆಯದು ಕಣ್ಣೆದುರಿನ ರಿಮೋಟ್: ಆಪರೇಟರ್ ಸೊಂಟಕ್ಕೆ ರೇಡಿಯೊ ಪೆಟ್ಟಿಗೆ ಕಟ್ಟಿಕೊಂಡು, ಸುರಂಗದಲ್ಲೇ ನಿಂತು, ಯಂತ್ರವನ್ನು ನೋಡುತ್ತ ನಡೆಸುವುದು. ಎರಡನೆಯದು ಟೆಲಿರಿಮೋಟ್: ಆಪರೇಟರ್ ಕಂಟ್ರೋಲ್ ರೂಮಿನಲ್ಲಿರುತ್ತಾನೆ, ಕ್ಯಾಮೆರಾ ಚಿತ್ರವೇ ಅವನ ಕಣ್ಣು. ಮೂರನೆಯದು ಅರೆ ಸ್ವಯಂಚಾಲಿತ: ಬಕೆಟ್ ತುಂಬುವುದನ್ನು ಮಾತ್ರ ಆಪರೇಟರ್ ಮಾಡುತ್ತಾನೆ, ಓಡುವುದು, ಸುರಿಯುವುದು, ವಾಪಸ್ ಬರುವುದು ಯಂತ್ರದ್ದೇ ಕೆಲಸ. ಹೀಗಾದಾಗ ಒಬ್ಬರೇ ಎರಡು ಮೂರು ಲೋಡರ್ ನೋಡಿಕೊಳ್ಳಬಹುದು.

ಮೊದಲನೆಯದು ಅಗ್ಗ, ಅಳವಡಿಸುವುದೂ ಸುಲಭ. ಆದರೆ ಅಪಾಯದ ಲೆಕ್ಕದಲ್ಲಿ ಅದೇ ಕೆಟ್ಟದ್ದು. ಕ್ಯಾಬಿನ್ನಿನ ಕಬ್ಬಿಣದ ರಕ್ಷಣೆ ಬಿಟ್ಟು ಕೆಳಗಿಳಿದ ಆಪರೇಟರ್ ಯಂತ್ರಕ್ಕೂ ಗೋಡೆಗೂ ನಡುವೆ ಬಂದು ನಿಲ್ಲುತ್ತಾನೆ. ಕಲ್ಲಿದ್ದಲು ಗಣಿಗಳ ಕಂಟಿನ್ಯುಯಸ್ ಮೈನರ್ (ಕಲ್ಲಿದ್ದಲನ್ನು ನಿರಂತರವಾಗಿ ಕೊರೆದು ತೆಗೆಯುವ) ಯಂತ್ರಗಳಲ್ಲಿ ಇದೇ ಬಗೆಯ ಸಾವುಗಳಾದ ಕಾರಣಕ್ಕೇ ಅಮೆರಿಕದಲ್ಲಿ 2015ರ ನಿಯಮವು ಆ ಯಂತ್ರಗಳಿಗೆ ಸಾಮೀಪ್ಯ ಪತ್ತೆ ಸಾಧನವನ್ನು ಕಡ್ಡಾಯ ಮಾಡಿತು. ಕಣ್ಣೆದುರಿನ ರಿಮೋಟ್ ಅನ್ನು ಬಳಸಲೇಬೇಕಾದರೆ ಗೋಡೆಯಲ್ಲಿ ಕೊರೆದ ಗೂಡು, ಅದರ ಮುಂದೆ ಭೌತಿಕ ತಡೆ ಇರಲಿ. ಆ ಗೂಡಿನಿಂದ ಆಪರೇಟರ್ ಹೊರಬಂದರೆ ಯಂತ್ರ ನಿಲ್ಲಬೇಕು. ಇಲ್ಲದಿದ್ದರೆ ನೇರವಾಗಿ ಟೆಲಿರಿಮೋಟ್‌ಗೇ ಹೋಗಿ.

ಮೊದಲು ಜಾಗ ಮುಚ್ಚಿ

ಯಂತ್ರ, ಕುರ್ಚಿ, ಸ್ಕ್ರೀನ್ ಕೊಳ್ಳುವ ಉತ್ಸಾಹದಲ್ಲಿ ಎಲ್ಲರೂ ಕೊನೆಗೆ ಬಿಡುವ ಕೆಲಸ ಇದು. ಮೊದಲು ಮಾಡಬೇಕಾದ್ದೂ ಇದೇ. ಲೋಡರ್ ಓಡಾಡುವ ಪ್ರದೇಶಕ್ಕೆ ಬರುವ ಪ್ರತಿಯೊಂದು ದಾರಿಯನ್ನೂ ನಕ್ಷೆಯಲ್ಲಿ ಗುರುತಿಸಿ. ಸುರಂಗಗಳಷ್ಟೇ ಅಲ್ಲ, ಏಣಿ ದಾರಿ, ಗಾಳಿ ಹಾದಿ, ಮೇಲಿನ ಹಂತದಿಂದ ಸ್ಟೋಪ್‌ಗೆ (ಅದಿರು ಒಡೆದು ತೆಗೆಯುವ ಪೊಳ್ಳಿಗೆ) ತೆರೆದುಕೊಂಡ ಬಾಯಿ ಎಲ್ಲವೂ ಸೇರಬೇಕು. ನಕ್ಷೆ ಹಿಡಿದು ನಡೆದು ನೋಡಿ. ಹಳೆಯ ನಕ್ಷೆಯಲ್ಲಿಲ್ಲದ ಒಂದು ಅಡ್ಡದಾರಿ ಹೆಚ್ಚುಕಡಿಮೆ ಯಾವಾಗಲೂ ಸಿಗುತ್ತದೆ.

ಪ್ರತಿ ದಾರಿಗೂ ತಡೆ ಬೇಕು. ಸಾಮಾನ್ಯವಾಗಿ ಅದು ಬೆಳಕಿನ ಕಿರಣ ಅಥವಾ ಲೇಸರ್ ಸ್ಕ್ಯಾನರ್ ಇರುವ ಗೇಟು. ಕಿರಣ ಕಡಿದರೆ ಸೇಫ್ಟಿ ಪಿಎಲ್‌ಸಿ, ಎಂದರೆ ಸುರಕ್ಷತೆಗೆಂದೇ ಇರುವ ನಿಯಂತ್ರಣ ಕಂಪ್ಯೂಟರ್, ಆ ಪ್ರದೇಶದ ಎಲ್ಲ ಯಂತ್ರಗಳನ್ನೂ ನಿಲ್ಲಿಸುತ್ತದೆ. ತಡೆಯಿಂದ ಯಂತ್ರ ಎಷ್ಟು ದೂರ ಇರಬೇಕೆಂಬುದನ್ನು ಅಂದಾಜಿನಲ್ಲಿ ತೀರ್ಮಾನಿಸಬೇಡಿ, ಲೆಕ್ಕ ಹಾಕಿ. ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ 5.56 ಮೀಟರ್. ಬ್ರೇಕ್ ಹಿಡಿದಾಗ ವೇಗ ಸೆಕೆಂಡಿಗೆ 2 ಮೀಟರ್‌ನಂತೆ ಕುಗ್ಗಿದರೆ ನಿಲ್ಲಲು ಸುಮಾರು 2.8 ಸೆಕೆಂಡ್, 7.7 ಮೀಟರ್ ಬೇಕು. ಕಿರಣ ಕಡಿದದ್ದು ಯಂತ್ರಕ್ಕೆ ತಲುಪಿ ಬ್ರೇಕ್ ಕಚ್ಚಲು ಅರ್ಧ ಸೆಕೆಂಡ್ ಹಿಡಿದರೆ ಇನ್ನೂ 2.8 ಮೀಟರ್. ಒಟ್ಟು 10.5 ಮೀಟರ್. ಅಷ್ಟರಲ್ಲಿ ಸೆಕೆಂಡಿಗೆ 1.6 ಮೀಟರ್ ನಡೆಯುವ ಮನುಷ್ಯ 5 ಮೀಟರ್‌ಗಿಂತ ತುಸು ಹೆಚ್ಚು ಒಳಗೆ ಬಂದಿರುತ್ತಾನೆ. ಎಂದರೆ 16 ಮೀಟರ್ ಬರೀ ಲೆಕ್ಕದ ಕನಿಷ್ಠ. ಇಳಿಜಾರು, ಒದ್ದೆ ನೆಲ, ತುಂಬಿದ ಬಕೆಟ್ ಸೇರಿದರೆ ಇದು ಬೆಳೆಯುತ್ತದೆ. ಒಳಗೆ ಬರುವವರು ಜೀಪಿನಲ್ಲಿದ್ದರಂತೂ ಲೆಕ್ಕವೇ ಬೇರೆ. ನಿಮ್ಮ ಯಂತ್ರದ ನಿಲ್ಲುವ ದೂರವನ್ನು ಅದೇ ಇಳಿಜಾರಿನಲ್ಲಿ, ತುಂಬಿದ ಬಕೆಟ್ಟಿನೊಂದಿಗೆ ಅಳೆದು, ಆ ಅಂಕಿಯನ್ನೇ ಬಳಸಿ.

ಒಂದು ದಾರಿಗೆ ಎರಡು ತಡೆ ಹಾಕುವುದು ಒಳ್ಳೆಯದು: ಹೊರಗಿನದು ಮನುಷ್ಯರಿಗೆ, ಒಳಗಿನದು ಯಂತ್ರಕ್ಕೆ. ತನ್ನ ಗಡಿ ಮೀರಿ ಹೊರಟ ಲೋಡರ್ ಒಳಗಿನ ತಡೆಯನ್ನು ಕಡಿದಾಗಲೇ ನಿಲ್ಲಬೇಕು, ಹೊರಗಿನ ತಡೆ ಮುಟ್ಟುವ ಮುನ್ನ.

ಗೇಟು ಮತ್ತೆ ಸಜ್ಜಾಗುವ ಕ್ರಮದಲ್ಲಿ ರಾಜಿ ಬೇಡ. ರೀಸೆಟ್ ಗುಂಡಿ ಗೇಟಿನ ಹೊರಗೇ ಇರಬೇಕು. ಕಂಟ್ರೋಲ್ ರೂಮಿನಿಂದ ಅದನ್ನು ಒತ್ತುವಂತಿರಬಾರದು. ಒಳಗೆ ಹೋದ ಪ್ರತಿಯೊಬ್ಬರೂ ತಮ್ಮ ಬೀಗವನ್ನು ಅಥವಾ ಟ್ಯಾಗನ್ನು ಫಲಕಕ್ಕೆ ಹಾಕಿರಬೇಕು. ಕೊನೆಯ ಟ್ಯಾಗ್ ತೆಗೆದ ಮೇಲೆ ಒಬ್ಬರು ಇಡೀ ಪ್ರದೇಶ ನಡೆದು ನೋಡಿ, ಹೊರಬಂದು, ರೀಸೆಟ್ ಒತ್ತಿ, ಕಂಟ್ರೋಲ್ ರೂಮಿಗೆ ರೇಡಿಯೊದಲ್ಲಿ ಹೇಳಬೇಕು.

ಈ ತಡೆಗಳು ಸುಮ್ಮಸುಮ್ಮನೆ ಕಡಿಯುವುದೇ ದಿನನಿತ್ಯದ ದೊಡ್ಡ ಕಿರಿಕಿರಿ. ಕಾರಣ ಬಹುಪಾಲು ಧೂಳು, ಲೆನ್ಸಿನ ಮೇಲಿನ ಕೆಸರು, ಗಾಳಿಗೆ ಅಲ್ಲಾಡುವ ವೆಂಟಿಲೇಶನ್ ಬಟ್ಟೆ, ತೊಟ್ಟಿಕ್ಕುವ ನೀರು. ತಡೆಯನ್ನು ಹನಿ ಬೀಳದ, ಗಾಳಿ ಕಡಿಮೆ ಇರುವ ಜಾಗಕ್ಕೆ ಸರಿಸಿ. ಲೆನ್ಸ್ ಒರೆಸುವುದನ್ನು ಪ್ರತಿ ಶಿಫ್ಟಿನ ಪಟ್ಟಿಗೆ ಸೇರಿಸಿ. ಹತ್ತು ಬಾರಿ ಸುಳ್ಳು ಹೇಳಿದ ತಡೆಗೆ ಹನ್ನೊಂದನೆಯ ಬಾರಿ ಯಾರೋ ತಂತಿ ಸೇರಿಸಿ ಬೈಪಾಸ್ ಮಾಡುತ್ತಾರೆ. ಹಾಗಾಗಿ ಸುಳ್ಳು ಕಡಿತವನ್ನು ಉತ್ಪಾದನೆಯ ತೊಂದರೆ ಎಂದಲ್ಲ, ಸುರಕ್ಷತೆಯ ದೋಷ ಎಂದೇ ದಾಖಲಿಸಿ. ಸ್ವಯಂಚಾಲಿತ, ಅರೆ ಸ್ವಯಂಚಾಲಿತ ಯಂತ್ರ ವ್ಯವಸ್ಥೆಗಳ ಸುರಕ್ಷತೆಗೆ ಐಎಸ್‌ಒ 17757, ಮಣ್ಣು ತೆಗೆಯುವ ಯಂತ್ರಗಳ ದೂರನಿಯಂತ್ರಣಕ್ಕೆ ಐಎಸ್‌ಒ 15817 ಎಂಬ ಮಾನದಂಡಗಳಿವೆ. ಪೂರೈಕೆದಾರರು ಯಾವ ಭಾಗಕ್ಕೆ ಹೊಣೆ, ಗಣಿ ಯಾವುದಕ್ಕೆ ಹೊಣೆ ಎಂಬುದನ್ನು ಅವುಗಳ ಆಧಾರದ ಮೇಲೆ ಬರೆಸಿಕೊಳ್ಳಿ.

ಜಾಲ: ಕೊನೆಯ 200 ಮೀಟರಿನ ಜಗಳ

ದೂರ ಹೆಚ್ಚಿದಷ್ಟೂ ನಿಯಂತ್ರಣ ಕಷ್ಟ ಎಂಬ ನಂಬಿಕೆ ತಪ್ಪು. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಗಣಿ ಕಂಪನಿ ರಿಯೋ ಟಿಂಟೊ 2010ರಲ್ಲಿ ಪರ್ತ್ ನಗರದಲ್ಲಿ ತೆರೆದ ಕೇಂದ್ರ ಪಿಲ್ಬಾರಾದ ಗಣಿಗಳಿಂದ ಸುಮಾರು 1,500 ಕಿ.ಮೀ. ದೂರದಲ್ಲಿದೆ. ಅಷ್ಟು ದೂರಕ್ಕೂ ಬೆಳಕಿನ ಪ್ರಯಾಣ ಒಂದು ಕಡೆಗೆ 7.5 ಮಿಲಿಸೆಕೆಂಡ್ ಮಾತ್ರ. ಸುರಂಗದ ಕೊನೆಯ ಆಂಟೆನಾದಿಂದ ಓಡುತ್ತಿರುವ ಯಂತ್ರಕ್ಕೆ ಇರುವ ರೇಡಿಯೊ ಹಾದಿಯಲ್ಲೇ ಮಿಕ್ಕ ಎಲ್ಲ ತೊಂದರೆ.

ಗಣಿಯಲ್ಲಿ ಈಗಾಗಲೇ ಲೀಕಿ ಫೀಡರ್ (ಉದ್ದಕ್ಕೂ ರೇಡಿಯೊ ಅಲೆ ಹೊರಸೂಸುವ ಕೇಬಲ್) ಇದೆ, ಅದರಲ್ಲೇ ನಡೆಸೋಣ ಎಂದರೆ ಆಗುವುದಿಲ್ಲ. ಅದು ಮಾತಿಗೆ ಸಾಕು, ವಿಡಿಯೊಗೆ ಸಾಲದು. ನಾಲ್ಕು ಕ್ಯಾಮೆರಾ, ಒಂದೊಂದಕ್ಕೆ 2ರಿಂದ 4 ಎಂಬಿಪಿಎಸ್ ಹಿಡಿದರೂ ಒಂದು ಯಂತ್ರಕ್ಕೆ 8ರಿಂದ 16 ಎಂಬಿಪಿಎಸ್ ಬೇಕು, ಅದೂ ಯಂತ್ರದಿಂದ ಹೊರಗೆ ಬರುವ ದಿಕ್ಕಿನಲ್ಲಿ. ವೈಫೈ ಅಥವಾ ಗಣಿಯದೇ ಖಾಸಗಿ ಎಲ್‌ಟಿಇ (4ಜಿ), 5ಜಿ ಜಾಲ ಬೇಕು. ಎಲ್‌ಟಿಇ ಹಾಕುವವರು ಒಂದು ಸಂಗತಿ ಮರೆಯುತ್ತಾರೆ: ಮೊಬೈಲ್ ಜಾಲಗಳ ರೂಢಿಯ ಸೆಟ್ಟಿಂಗ್ ಡೌನ್‌ಲೋಡ್‌ಗೆ ಹೆಚ್ಚು ಪಾಲು ಕೊಡುತ್ತದೆ. ಇಲ್ಲಿ ಭಾರವೆಲ್ಲ ಅಪ್‌ಲಿಂಕ್ ಮೇಲೆ. ಎರಡು ದಿಕ್ಕಿಗೂ ಸಮಯ ಹಂಚುವ ಟಿಡಿಡಿ ಅನುಪಾತವನ್ನು ಅಪ್‌ಲಿಂಕ್ ಕಡೆಗೆ ತಿರುಗಿಸದಿದ್ದರೆ ಎರಡನೆಯ ಲೋಡರ್ ಸೇರಿದ ದಿನವೇ ಚಿತ್ರ ತಡವರಿಸುತ್ತದೆ.

ವೈಫೈ ಆದರೆ ನೇರ ಸುರಂಗದಲ್ಲಿ 100ರಿಂದ 200 ಮೀಟರಿಗೊಂದು ಆಕ್ಸೆಸ್ ಪಾಯಿಂಟ್ ಎಂದು ಅಂದಾಜಿಸಿ, ಪ್ರತಿ ತಿರುವಿಗೂ ಇನ್ನೊಂದು ಸೇರಿಸಿ. ನೇರ ಸುರಂಗ ರೇಡಿಯೊ ಅಲೆಯನ್ನು ಕೊಳವೆಯಂತೆ ಹಿಡಿದು ಸಾಗಿಸುತ್ತದೆ. ತಿರುವು ಬಂದರೆ ಅದೇ ಅಲೆ ಬಂಡೆಯಲ್ಲಿ ಇಂಗುತ್ತದೆ. ಆಂಟೆನಾವನ್ನು ಗೋಡೆಗೆ ಅಂಟಿಸಬೇಡಿ, ಲೋಹದ ಗಾಳಿ ಕೊಳವೆಯ ಹಿಂದೆ ಬಚ್ಚಿಡಬೇಡಿ. ಲೋಡರ್ ಸುಳಿಯುವ ಎಲ್ಲ ಕಡೆ ಸಿಗ್ನಲ್ ಮೈನಸ್ 65 ಡಿಬಿಎಂಗಿಂತ ಬಲವಾಗಿರಲಿ (ಡಿಬಿಎಂ ಸಿಗ್ನಲ್ ಬಲದ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಅಳೆಯುವಾಗ ಖಾಲಿ ಸುರಂಗದಲ್ಲಿ ಮೀಟರ್ ಹಿಡಿದು ನಡೆದರೆ ಸಾಲದು. ಲೋಡರ್ ಅನ್ನೇ ಓಡಿಸಿ, ಬಕೆಟ್ ಎತ್ತಿ, ಇನ್ನೊಂದು ವಾಹನವನ್ನು ಅಡ್ಡ ನಿಲ್ಲಿಸಿ ಅಳೆಯಿರಿ. ತುಂಬಿದ ಬಕೆಟ್ ಮೇಲೆದ್ದಾಗ ಮುಂಭಾಗದ ಆಂಟೆನಾಗೆ ಕಬ್ಬಿಣದ ಗೋಡೆಯೇ ಅಡ್ಡ ಬಂದಂತೆ. ಆದ್ದರಿಂದ ಯಂತ್ರದ ಎರಡೂ ತುದಿಗೆ ಆಂಟೆನಾ ಇರಬೇಕು.

ಚಿತ್ರ ಕಡಿಯುವುದು ಹೆಚ್ಚಾಗಿ ಸಿಗ್ನಲ್ ಇಲ್ಲದ ಜಾಗದಲ್ಲಲ್ಲ, ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ಯಂತ್ರ ಜಿಗಿಯುವ ಜಾಗದಲ್ಲಿ. ಈ ಜಿಗಿತ 50 ಮಿಲಿಸೆಕೆಂಡ್ ಒಳಗೆ ಮುಗಿಯಬೇಕು. ಯಂತ್ರದ ರೇಡಿಯೊ ಹಳೆಯ ಪಾಯಿಂಟನ್ನು ಬಿಡಲೊಲ್ಲದೆ ಅಂಟಿಕೊಂಡಿರುವುದು ಒಂದು ಕಾಯಿಲೆ. ಮೈನಸ್ 70 ಆಸುಪಾಸಿನಲ್ಲಿ ಹೊಸದನ್ನು ಹುಡುಕುವಂತೆ ಹೊಂದಿಸಿ. ಎರಡರ ನಡುವೆ ಹಿಂದೆ ಮುಂದೆ ಜಿಗಿಯುತ್ತಲೇ ಇರುವುದು ಇನ್ನೊಂದು ಕಾಯಿಲೆ. ಹೊಸ ಪಾಯಿಂಟ್ 6ರಿಂದ 8 ಡಿಬಿ ಹೆಚ್ಚು ಬಲವಾಗಿದ್ದರೆ ಮಾತ್ರ ಜಿಗಿಯಲಿ. ಪಾಯಿಂಟ್‌ಗಳ ಶಕ್ತಿಯನ್ನು ಗರಿಷ್ಠಕ್ಕೆ ಇಟ್ಟರೆ ಎಲ್ಲವೂ ಸಮಬಲವಾಗಿ ಕೇಳಿಸಿ ಈ ಗೊಂದಲ ಹೆಚ್ಚುತ್ತದೆ. ಬಳಸುವ ಚಾನೆಲ್‌ಗಳ ಪಟ್ಟಿಯನ್ನು ಮೂರು ನಾಲ್ಕಕ್ಕೆ ಇಳಿಸಿದರೆ ಹುಡುಕಾಟದ ಸಮಯ ಉಳಿಯುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಡಿಎಫ್‌ಎಸ್ ಚಾನೆಲ್‌ಗಳನ್ನು (ರೇಡಾರ್‌ಗಳ ಜೊತೆ ಹಂಚಿಕೊಳ್ಳುವಂಥವನ್ನು) ಬಿಟ್ಟುಬಿಡಿ: ರೇಡಾರ್ ಕಂಡಿತೆಂದು ಭ್ರಮಿಸಿದ ಆಕ್ಸೆಸ್ ಪಾಯಿಂಟ್ ಚಾನೆಲ್ ಖಾಲಿ ಮಾಡಿ ಹೊರಟರೆ, ಹೊಸ ಡಿಎಫ್‌ಎಸ್ ಚಾನೆಲ್ ಹಿಡಿಯುವ ಮುನ್ನ ಒಂದು ನಿಮಿಷ ಸುಮ್ಮನೆ ಕಾದು ಕೇಳುತ್ತದೆ. ಸಾಧ್ಯವಾದರೆ ಯಂತ್ರದಲ್ಲಿ ಎರಡು ರೇಡಿಯೊ ಇಡಿ; ಒಂದು ಹೊಸ ಪಾಯಿಂಟ್ ಹಿಡಿದ ಮೇಲೆಯೇ ಇನ್ನೊಂದು ಹಳೆಯದನ್ನು ಬಿಡುತ್ತದೆ.

ನಿಯಂತ್ರಣದ ಹಾಗೂ ತುರ್ತು ನಿಲುಗಡೆಯ ಪ್ಯಾಕೆಟ್‌ಗಳಿಗೆ ಜಾಲದಲ್ಲಿ ಮೊದಲ ಆದ್ಯತೆ, ವಿಡಿಯೊಗೆ ಎರಡನೆಯದು, ಯಂತ್ರದ ಆರೋಗ್ಯ ಮಾಹಿತಿಗೆ ಕೊನೆಯದು. ಸ್ವಿಚ್‌ಗಳಿಗೂ ಆಕ್ಸೆಸ್ ಪಾಯಿಂಟ್‌ಗಳಿಗೂ ಯುಪಿಎಸ್ ಇರಲಿ, ಫೈಬರ್ ಅನ್ನು ಉಂಗುರದಂತೆ ಹಾಕಿ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರಲಿ.

ತಡವನ್ನು ಅಳೆಯುವ ಸರಳ ವಿಧಾನ

ಪೂರೈಕೆದಾರರು ಹೇಳುವ ತಡ ಹೆಚ್ಚಾಗಿ ಜಾಲದ ಪಿಂಗ್ (ಒಂದು ಪ್ಯಾಕೆಟ್ ಹೋಗಿ ಬರುವ ಸಮಯ) ಮಾತ್ರ. ಆಪರೇಟರ್‌ಗೆ ಮುಖ್ಯವಾದ್ದು ಲೆನ್ಸಿನಿಂದ ಸ್ಕ್ರೀನಿನವರೆಗಿನ ಒಟ್ಟು ತಡ. ಅದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಯಂತ್ರ ಇನ್ನೂ ವರ್ಕ್‌ಶಾಪಿನಲ್ಲಿರುವಾಗ, ಮಿಲಿಸೆಕೆಂಡ್ ತೋರಿಸುವ ಸ್ಟಾಪ್‌ವಾಚ್ ಇರುವ ಫೋನನ್ನು ಕ್ಯಾಮೆರಾ ಮುಂದೆ ಹಿಡಿಯಿರಿ. ಆಪರೇಟರ್‌ನ ಮಾನಿಟರ್ ಅನ್ನು ಪಕ್ಕಕ್ಕೆ ತಂದಿಡಿ. ಇನ್ನೊಂದು ಕ್ಯಾಮೆರಾದಿಂದ ಫೋನು, ಮಾನಿಟರ್ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ತಡ. ಹತ್ತಿಪ್ಪತ್ತು ಬಾರಿ ತೆಗೆದು ಸರಾಸರಿಯ ಜೊತೆಗೆ ಅತಿ ಹೆಚ್ಚಿನದನ್ನೂ ಬರೆದಿಡಿ. ಒಂದೇ ಸಮನೆ 250 ಮಿಲಿಸೆಕೆಂಡ್ ಇರುವ ತಡಕ್ಕೆ ಕೈ ಒಗ್ಗುತ್ತದೆ, 100ಕ್ಕೂ 400ಕ್ಕೂ ಏರಿಳಿಯುವ ತಡಕ್ಕೆ ಎಂದೂ ಒಗ್ಗುವುದಿಲ್ಲ.

ಸ್ಥೂಲವಾಗಿ 200 ಮಿಲಿಸೆಕೆಂಡ್ ಒಳಗಿದ್ದರೆ ನಡೆಸುವುದು ಹಗುರ. 300 ದಾಟಿದರೆ ಆಪರೇಟರ್ ಸ್ಟಿಯರಿಂಗನ್ನು ಅತಿಯಾಗಿ ತಿರುಗಿಸಿ, ಆಮೇಲೆ ಸರಿಪಡಿಸಲು ಹೋಗಿ, ಯಂತ್ರ ಹಾವಿನಂತೆ ಹರಿಯತೊಡಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ 300 ಮಿಲಿಸೆಕೆಂಡ್ ಎಂದರೆ 83 ಸೆಂ.ಮೀ. ಗೋಡೆಗೆ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ತಡ ಹೆಚ್ಚಿದ್ದರೆ ಗೇರನ್ನು ಮೊದಲನೆಯದಕ್ಕೆ ಲಾಕ್ ಮಾಡುವುದು ಬಿಟ್ಟರೆ ದಾರಿಯಿಲ್ಲ.

ತಡ ಇಳಿಸಲು ಮೊದಲು ವಿಡಿಯೊ ಸೆಟ್ಟಿಂಗ್ ನೋಡಿ. ವಿಡಿಯೊ ಕುಗ್ಗಿಸಿ ಕಳಿಸುವ ಎನ್‌ಕೋಡರ್‌ನಲ್ಲಿ ಬಿ ಫ್ರೇಮ್ (ಮುಂದಿನ ಚಿತ್ರಕ್ಕೆ ಕಾದು ಕಟ್ಟುವ ಫ್ರೇಮ್) ಬಳಕೆ ನಿಲ್ಲಿಸಿ. ಸೆಕೆಂಡಿಗೆ 25 ಚಿತ್ರ ಬರುವ ಕ್ಯಾಮೆರಾದಲ್ಲಿ ಒಂದೊಂದು ಫ್ರೇಮಿಗೂ 40 ಮಿಲಿಸೆಕೆಂಡ್. ಎರಡು ಫ್ರೇಮ್ ತಡೆದಿಟ್ಟರೆ 80 ಹೋಯಿತು. ರಿಸೀವರ್‌ನ ಬಫರ್ ಕೆಲವೊಮ್ಮೆ ಸದ್ದಿಲ್ಲದೆ ನೂರಾರು ಮಿಲಿಸೆಕೆಂಡ್ ನುಂಗುತ್ತಿರುತ್ತದೆ. ಪೂರ್ಣ ಫ್ರೇಮ್ ಸೆಕೆಂಡಿಗೊಮ್ಮೆಯಾದರೂ ಬರಲಿ, ಇಲ್ಲವಾದರೆ ಒಂದು ಪ್ಯಾಕೆಟ್ ಕಳೆದಾಗ ಚಿತ್ರ ಬಹಳ ಹೊತ್ತು ಕಲಸಿಹೋಗಿರುತ್ತದೆ.

ಇನ್ನೊಂದು ಕಡ್ಡಾಯ: ಯಂತ್ರದ ಕಡೆಯಿಂದಲೇ ಚಿತ್ರದ ಮೂಲೆಯಲ್ಲಿ ಓಡುವ ಗಡಿಯಾರ ಮೂಡಿ ಬರಲಿ. ಹೆಪ್ಪುಗಟ್ಟಿದ ಚಿತ್ರಕ್ಕೂ ನಿಂತ ಯಂತ್ರದ ಚಿತ್ರಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಗಡಿಯಾರ ನಿಂತರೆ ಕೈ ತೆಗೆಯಬೇಕು ಎಂಬುದನ್ನು ಮೊದಲ ದಿನವೇ ಕಲಿಸಿ.

ಯಂತ್ರದ ಮೇಲೆ ಏನೇನು ಬೇಕು

ಬ್ರೇಕು ಸ್ಪ್ರಿಂಗಿನಿಂದ ಹಿಡಿದು, ಹೈಡ್ರಾಲಿಕ್ ಒತ್ತಡದಿಂದ ಬಿಡುವ ಬಗೆಯದಾಗಿರಬೇಕು. ಹೋಸ್ ಒಡೆದರೂ, ಎಂಜಿನ್ ಆರಿದರೂ, ಕರೆಂಟ್ ಹೋದರೂ ಬ್ರೇಕ್ ತಾನಾಗಿ ಕಚ್ಚುತ್ತದೆ. ಕಂಟ್ರೋಲ್ ರೂಮಿನಿಂದ ಸೆಕೆಂಡಿಗೆ ಹತ್ತಿಪ್ಪತ್ತು ಬಾರಿ ಜೀವಂತ ಸಂಕೇತ ಹೋಗುತ್ತಿರಲಿ. ಅರ್ಧ ಸೆಕೆಂಡ್ ಅದು ಬಾರದಿದ್ದರೆ ಯಂತ್ರ ತಾನೇ ನಿಲ್ಲಲಿ. ಈ ಅವಧಿಯನ್ನು ಕಿರಿಕಿರಿ ತಪ್ಪಿಸಲೆಂದು ಎರಡು ಸೆಕೆಂಡಿಗೆ ಏರಿಸುವ ಒತ್ತಡ ಬಂದೇ ಬರುತ್ತದೆ. ಏರಿಸಬೇಡಿ. ಜಾಲ ಸರಿಪಡಿಸಿ. ಸಂಪರ್ಕ ಮರಳಿ ಬಂದಾಗ ಯಂತ್ರ ತಾನಾಗಿ ಹೊರಡಬಾರದು; ಜಾಯ್‌ಸ್ಟಿಕ್ ನಡುವಿಗೆ ಬಂದು, ಆಪರೇಟರ್ ಹೊಸದಾಗಿ ಚಾಲನೆ ಕೊಟ್ಟರೆ ಮಾತ್ರ ಚಲಿಸಬೇಕು.

ಕ್ಯಾಮೆರಾ ಕನಿಷ್ಠ ನಾಲ್ಕು: ಮುಂದೆ, ಹಿಂದೆ, ಬಕೆಟ್ ಕಡೆಗೆ ಎತ್ತರದಿಂದ ಒಂದು, ಯಂತ್ರ ನಡುವೆ ಬಾಗುವ ಕೀಲಿನ ಬದಿಗೆ ಒಂದು. ಲೋಡರ್ ಎರಡೂ ದಿಕ್ಕಿಗೆ ಸಮನಾಗಿ ಓಡುವ ಯಂತ್ರ. ಗೇರ್ ಬದಲಾದಾಗ ಮುಖ್ಯ ಸ್ಕ್ರೀನಿನ ಚಿತ್ರವೂ ತಾನಾಗಿ ಬದಲಾಗಲಿ. ಹೆಡ್‌ಲೈಟಿನ ಪಕ್ಕದಲ್ಲೇ ಕ್ಯಾಮೆರಾ ಇಟ್ಟರೆ ಧೂಳಿನ ಕಣಗಳು ಬೆಳಕನ್ನು ಹಿಂದಕ್ಕೆ ಎಸೆದು ಸ್ಕ್ರೀನ್ ಬೆಳ್ಳಗಾಗುತ್ತದೆ; ದೀಪವನ್ನು ಕೆಳಗೂ ಬದಿಗೂ ಸರಿಸಿ. ಒರೆಸುವ ವೈಪರ್ ಅಥವಾ ಸಂಕುಚಿತ ಗಾಳಿಯ ಊದು ನಳಿಕೆ ಇರಲಿ. ನೀರಿನ ಒತ್ತಡದ ತೊಳೆತ ತಡೆಯುವ ಪೆಟ್ಟಿಗೆಯೇ ಬೇಕು. ನೀರು ಎಷ್ಟು ದೊಡ್ಡ ಶತ್ರು ಎಂಬುದಕ್ಕೆ ಒಂದು ನೆನಪು: 2010ರ ನವೆಂಬರ್‌ನಲ್ಲಿ ನ್ಯೂಜಿಲೆಂಡಿನ ಪೈಕ್ ರಿವರ್ ಕಲ್ಲಿದ್ದಲು ಗಣಿ ಸ್ಫೋಟಗೊಂಡಾಗ ಒಳಗೆ ಕಳಿಸಿದ ಸೇನೆಯ ರೋಬಾಟ್ ನೀರು ತಗುಲಿ ಕೆಟ್ಟು ನಿಂತಿತ್ತು.

ಮೈಕ್ರೊಫೋನ್ ಹಾಕಿಸಲು ಮರೆಯಬೇಡಿ. ಕ್ಯಾಬಿನ್ನಿನಲ್ಲಿ ಕುಳಿತ ಆಪರೇಟರ್ ಅರ್ಧ ಕೆಲಸವನ್ನು ಸದ್ದಿನಿಂದ, ಸೊಂಟಕ್ಕೆ ತಾಗುವ ನಡುಕದಿಂದ ತಿಳಿಯುತ್ತಾನೆ. ಕುರ್ಚಿಗೆ ಬಂದ ಮೇಲೆ ಎರಡೂ ಇಲ್ಲ. ಎಂಜಿನ್ ಸದ್ದು ತಗ್ಗಿದ್ದು, ಚಕ್ರ ಜಾರಿ ಕಿರುಗುಟ್ಟಿದ್ದು ಕಿವಿಗೆ ಬಿದ್ದರೆ ಟೈರ್ ಉಳಿಯುತ್ತದೆ. ಇದರ ಜೊತೆಗೆ ಸ್ಕ್ರೀನಿನಲ್ಲಿ ವೇಗ, ಗೇರ್, ಕೀಲಿನ ಕೋನ, ಯಂತ್ರದ ಓರೆ, ಬಕೆಟ್ಟಿನ ತೂಕ, ಟೈರ್ ಒತ್ತಡ, ಬ್ರೇಕ್ ಅಕ್ಯುಮುಲೇಟರ್ ಒತ್ತಡ, ಕನ್ವರ್ಟರ್ ಎಣ್ಣೆಯ ಬಿಸಿ ಕಾಣಬೇಕು. ಬೆಂಕಿ ನಂದಿಸುವ ವ್ಯವಸ್ಥೆಯನ್ನು ಕುರ್ಚಿಯಿಂದಲೇ ಹಾರಿಸುವಂತಿರಲಿ, ಅದು ಬಿಸಿ ಗ್ರಹಿಸಿ ತಾನಾಗಿಯೂ ಹಾರಲಿ. ಹೊಗೆಯ ವಾಸನೆ ಹಿಡಿಯುವ ಮೂಗು ಅಲ್ಲಿ ಯಾರದೂ ಇಲ್ಲ.

ಶಿಫ್ಟ್ ಆರಂಭದ ಕ್ರಮ

1. ಯಂತ್ರದ ಬಳಿ ಹೋಗಿ ಸುತ್ತ ನೋಡಿ: ಟೈರಿನ ಕಡಿತ, ಎಣ್ಣೆ ಸೋರಿಕೆ, ಕೀಲಿನ ಪಿನ್, ಆಂಟೆನಾ ತಂತಿ. ಕ್ಯಾಮೆರಾ ಗಾಜು, ಸ್ಕ್ಯಾನರ್ ಗಾಜು ಒರೆಸಿ.
2. ಕ್ಯಾಬಿನ್ನಿನಲ್ಲಿ ಕುಳಿತು ಬ್ರೇಕ್, ಸ್ಟಿಯರಿಂಗ್, ಬಕೆಟ್ ಪರೀಕ್ಷಿಸಿ. ಆಮೇಲೆ ಸ್ವಿಚ್ಚನ್ನು ರಿಮೋಟ್‌ಗೆ ತಿರುಗಿಸಿ, ಕ್ಯಾಬಿನ್ ಬಾಗಿಲು ಮುಚ್ಚಿ, ಹೊರಗೆ ಬನ್ನಿ.
3. ಪ್ರದೇಶ ನಡೆದು ನೋಡಿ, ಟ್ಯಾಗ್‌ಗಳನ್ನು ಎಣಿಸಿ, ಗೇಟು ರೀಸೆಟ್ ಮಾಡಿ.
4. ಕಂಟ್ರೋಲ್ ರೂಮಿನಲ್ಲಿ ಆಯ್ಕೆಯಾದ ಯಂತ್ರದ ಸಂಖ್ಯೆಯನ್ನು ಓದಿ ಹೇಳಿ. ಎಂಜಿನ್ ಹೊತ್ತಿಸುವ ಮುನ್ನ ಹಾರ್ನ್ ಹೊಡೆದು, ಆ ಯಂತ್ರದ ಮೈಕ್‌ನಲ್ಲೇ ಅದು ಕೇಳಿಸಿತೇ ನೋಡಿ. ಒಂದು ಕುರ್ಚಿಯಿಂದ ಎರಡು ಮೂರು ಲೋಡರ್ ನಡೆಸುವಲ್ಲಿ ತಪ್ಪು ಯಂತ್ರ ಆರಿಸುವುದು ನಿಜವಾಗಿ ಆಗುವ ಎಡವಟ್ಟು.
5. ಒಂದೆರಡು ಮೀಟರ್ ಚಲಿಸಿ, ತುರ್ತು ಗುಂಡಿ ಒತ್ತಿ, ನಿಲ್ಲಿಸಿ. ನಿಂತ ದೂರ ಎಂದಿನಂತಿದೆಯೇ ನೋಡಿ.
6. ಒಂದು ಗೇಟಿನ ಕಿರಣ ಕಡಿಸಿ, ಯಂತ್ರ ನಿಂತದ್ದನ್ನು ಖಾತ್ರಿ ಮಾಡಿಕೊಳ್ಳಿ. ಪ್ರತಿ ಶಿಫ್ಟಿಗೂ ಬೇರೆ ಗೇಟು.

ಹೊಸ ವ್ಯವಸ್ಥೆಯನ್ನು ಮೊದಲ ಬಾರಿ ಒಪ್ಪಿಕೊಳ್ಳುವಾಗ ಇಷ್ಟು ಸಾಲದು. ಯಂತ್ರ ಓಡುತ್ತಿರುವಾಗ ಆಂಟೆನಾ ತಂತಿ ಕಳಚಿ, ಆಕ್ಸೆಸ್ ಪಾಯಿಂಟಿನ ಕರೆಂಟ್ ತೆಗೆಯಿರಿ, ಕಂಟ್ರೋಲ್ ರೂಮಿನ ಕಂಪ್ಯೂಟರನ್ನೇ ಆಫ್ ಮಾಡಿ. ಇಳಿಜಾರಿನಲ್ಲಿ ಬಕೆಟ್ ತುಂಬಿಕೊಂಡು ಇದನ್ನೆಲ್ಲ ಮಾಡಿ. ಪ್ರತಿ ಬಾರಿಯೂ ನಿಲ್ಲುವ ಸಮಯ, ದೂರ ಬರೆದಿಡಿ.

ಬಕೆಟ್ ತುಂಬುವುದು

ದೂರದಿಂದ ನಡೆಸುವವರ ಕೈಗುಣ ಗೊತ್ತಾಗುವುದು ಇಲ್ಲೇ. ರಾಶಿಗೆ ನೇರವಾಗಿ ಹೋಗಿ. ನಡುವಿನ ಕೀಲು ಬಾಗಿರುವಾಗ ನುಗ್ಗಿದರೆ ಕೀಲಿನ ಪಿನ್‌ಗೂ ಸಿಲಿಂಡರಿಗೂ ಪೆಟ್ಟು. ಬಕೆಟ್ಟಿನ ತಳ ನೆಲಕ್ಕೆ ಸಮವಾಗಿ ಕೂರಲಿ, ಆದರೆ ನೆಲಕ್ಕೆ ಒತ್ತಿ ಮುಂದಿನ ಚಕ್ರಗಳನ್ನು ಎತ್ತುವಷ್ಟಲ್ಲ. ಮೊದಲ ಗೇರ್. ವೇಗದಿಂದ ಗುದ್ದಿ ನುಗ್ಗಿಸುವುದು ಹೊಸಬರ ಚಟ. ಸ್ಕ್ರೀನಿನಲ್ಲಿ ದೂರದ ಅಂದಾಜು ಸಿಗದೆ ಗುದ್ದು ಇನ್ನಷ್ಟು ಜೋರಾಗುತ್ತದೆ. ಬಕೆಟ್ಟಿನ ತುಟಿ ರಾಶಿಗೆ ತಾಗಿದ ಮೇಲೆ ವೇಗವರ್ಧಕ ಒತ್ತಿ, ನುಗ್ಗುವಿಕೆ ನಿಧಾನವಾಗುತ್ತಿದ್ದಂತೆ ಬೂಮನ್ನು (ಬಕೆಟ್ ಹೊತ್ತ ತೋಳನ್ನು) ತುಸು ಎತ್ತಿ. ಎತ್ತಿದಾಗ ರಾಶಿಯ ಭಾರ ಮುಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಸಿಗುತ್ತದೆ. ಆಮೇಲೆ ಬಕೆಟ್ ಮಡಿಸುವುದು, ಎತ್ತುವುದು, ಮಡಿಸುವುದು, ಹೀಗೆ ಸಣ್ಣ ಸಣ್ಣದಾಗಿ.

ಚಕ್ರ ತಿರುಗುತ್ತಿದೆ, ಯಂತ್ರ ಮುಂದೆ ಹೋಗುತ್ತಿಲ್ಲ ಎಂದರೆ ತಕ್ಷಣ ವೇಗವರ್ಧಕ ಬಿಡಿ. ಒಡೆದ ಬಂಡೆಯ ಚೂಪಿನ ಮೇಲೆ ಜಾರುವ ಚಕ್ರದ ಟೈರ್ ಕೆಲವೇ ಸೆಕೆಂಡಿನಲ್ಲಿ ಕಡಿದುಹೋಗುತ್ತದೆ. ಟೆಲಿರಿಮೋಟ್‌ಗೆ ಬದಲಾದ ಗಣಿಯಲ್ಲಿ ಟೈರ್ ಖರ್ಚು ಏರಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಎರಡು ಪ್ರಯತ್ನದಲ್ಲಿ ತುಂಬದಿದ್ದರೆ ಹಿಂದೆ ಸರಿದು ರಾಶಿಯ ಬೇರೆ ಬದಿ ಹಿಡಿಯಿರಿ. ಮುಕ್ಕಾಲು ಬಕೆಟ್ ಹೊತ್ತು ಹೊರಡುವುದು ಮೂರನೆಯ ಬಾರಿ ಗುದ್ದುವುದಕ್ಕಿಂತ ಲಾಭ. ಹೊರಡುವ ಮುನ್ನ ಬಕೆಟ್ ಒಮ್ಮೆ ಅಲುಗಿಸಿ, ಅಂಚಿನ ಕಲ್ಲುಗಳು ಅಲ್ಲೇ ಉದುರಲಿ. ದಾರಿಯಲ್ಲಿ ಉದುರಿದರೆ ಅದೇ ಕಲ್ಲು ಮುಂದಿನ ಸುತ್ತಿನಲ್ಲಿ ಟೈರ್ ಕಡಿಯುತ್ತದೆ, ಸ್ಕ್ರೀನಿನಲ್ಲಿ ಅದು ಕಾಣುವುದೂ ಇಲ್ಲ. ರಸ್ತೆ ಸಮತಟ್ಟು ಮಾಡುವ ಕೆಲಸಕ್ಕೆ ಹಿಂದಿಗಿಂತ ಹೆಚ್ಚು ಸಮಯ ಮೀಸಲಿಡಿ. ನಿಂತ ನೀರಿನ ಕೆಳಗಿನ ಗುಂಡಿಯನ್ನು ಯಾವ ಕ್ಯಾಮೆರಾವೂ ತೋರಿಸದು.

ಸುರಿಯುವ ಜಾಗದಲ್ಲಿ ಯಂತ್ರದ ಕ್ಯಾಮೆರಾ ನಂಬಿ ನಿಲ್ಲಿಸಬೇಡಿ. ಓರ್ ಪಾಸ್ ಬಾಯಿಗೆ ಕಾಂಕ್ರೀಟಿನ ಅಥವಾ ಉಕ್ಕಿನ ತಡೆಕಟ್ಟೆ ಬೇಕು, ಗೋಡೆಗೆ ಒಂದು ಸ್ಥಿರ ಕ್ಯಾಮೆರಾ ಬೇಕು. ಧೂಳು ಅಡಗಿಸುವ ನೀರಿನ ಸಿಂಪಡಣೆ ಲೋಡರ್ ಹತ್ತಿರ ಬರುವಾಗಲೇ ಶುರುವಾದರೆ ಲೆನ್ಸ್ ಮಂಜಾಗುತ್ತದೆ. ಬಕೆಟ್ ಮಗುಚುವಾಗ ಶುರುವಾಗುವಂತೆ ಹೊಂದಿಸಿ.

ಕೆಟ್ಟು ನಿಂತರೆ

ಸ್ಟೋಪ್‌ನ ಬಾಯಿಯಾಚೆ, ಆಧಾರವಿಲ್ಲದ ಬಂಡೆಯ ಕೆಳಗೆ ಯಂತ್ರ ಕೆಟ್ಟು ನಿಂತಾಗ ಒಳಗೆ ಹೋಗಿ ಒಂದು ತಂತಿ ಸಿಕ್ಕಿಸಿ ಬರುವ ಆಸೆ ಹುಟ್ಟುತ್ತದೆ. ಅದನ್ನು ನಿಯಮವಾಗಿಯೇ ನಿಷೇಧಿಸಿ. ಎಳೆದು ತರುವ ಉಪಾಯ ಮೊದಲೇ ಇರಬೇಕು: ಲೋಡರ್‌ನ ಹಿಂಭಾಗದಲ್ಲಿ, ಇನ್ನೊಂದು ರಿಮೋಟ್ ಯಂತ್ರ ಬಂದು ಕೊಕ್ಕೆ ಹಾಕಿ ಎಳೆಯಬಲ್ಲ ಕಂಬಿ. ಬರೀ ಎಳೆದರೆ ಬಾರದು, ಸ್ಪ್ರಿಂಗ್ ಬ್ರೇಕ್ ಕಚ್ಚಿಕೊಂಡಿರುತ್ತದೆ. ಆ ಕಂಬಿ ಎಳೆದಾಗಲೇ ಬ್ರೇಕ್ ಬಿಡಿಸುವ ಹೈಡ್ರಾಲಿಕ್ ಜೋಡಣೆ ಇರುವ ಯಂತ್ರ ಕೇಳಿ ಪಡೆಯಿರಿ. ವರ್ಷಕ್ಕೊಮ್ಮೆಯಾದರೂ ಸುರಕ್ಷಿತ ಜಾಗದಲ್ಲಿ ಇದನ್ನು ಅಭ್ಯಾಸ ಮಾಡಿ. ಒದ್ದೆ ಪುಡಿ ಅದಿರು ಇರುವ ಡ್ರಾ ಪಾಯಿಂಟ್‌ಗಳಲ್ಲಿ (ಮೇಲಿನಿಂದ ಇಳಿದ ಅದಿರನ್ನು ಲೋಡರ್ ಬಾಚುವ ಬಾಯಿಗಳಲ್ಲಿ) ಕೆಸರು ಒಮ್ಮೆಲೇ ನುಗ್ಗುವ ಅಪಾಯವಿದೆ. ಅಲ್ಲಿ ಮನುಷ್ಯರಿಗೆ ಪ್ರವೇಶ ನಿಷೇಧದ ಗಡಿ ಯಂತ್ರದಿಂದಲ್ಲ, ಕೆಸರು ತಲುಪಬಹುದಾದ ದೂರದಿಂದ ಲೆಕ್ಕ ಹಾಕಬೇಕು.

ಸ್ಫೋಟದ ದಿನ ಎರಡು ಎಚ್ಚರಿಕೆ. ಎಲೆಕ್ಟ್ರಿಕ್ ಡಿಟೊನೇಟರ್ ಬಳಸುವಲ್ಲಿ ಆಂಟೆನಾಗಳ ಶಕ್ತಿ, ದೂರ ಎರಡನ್ನೂ ಸ್ಫೋಟಕ ತಯಾರಕರು ಕೊಟ್ಟ ಮಿತಿಗೆ ಹೋಲಿಸಿ ನೋಡಿ, ಅಗತ್ಯವಿದ್ದರೆ ಆ ಭಾಗದ ರೇಡಿಯೊ ಆಫ್ ಮಾಡಿ. ಎರಡನೆಯದು, ಸ್ಟೋಪ್‌ಗೆ ಹತ್ತಿರದ ಆಂಟೆನಾವನ್ನು ಗಾಲಿಯ ಮೇಲಿಟ್ಟು ಹಿಂದಕ್ಕೆ ಎಳೆಯುವಂತೆ ಮಾಡಿ. ಸ್ಫೋಟದ ಗಾಳಿಯ ಹೊಡೆತಕ್ಕೆ ಗೋಡೆಗೆ ಬಿಗಿದದ್ದು ಉಳಿಯುವುದಿಲ್ಲ. ಮೀಥೇನ್ ಇರುವ ಗಣಿಯಲ್ಲಿ ಇಲ್ಲಿ ಹೇಳಿದ ಸಾಧಾರಣ ಕ್ಯಾಮೆರಾ, ರೇಡಿಯೊ, ದೀಪ ಯಾವುದೂ ನಡೆಯದು. ಕಿಡಿ ಹೊರಬಾರದಂತೆ ಪ್ರಮಾಣೀಕರಿಸಿದ ಉಪಕರಣವೇ ಬೇಕು.

ಕುರ್ಚಿಯಲ್ಲಿ ಯಾರು

ವಿಡಿಯೊ ಗೇಮ್ ಆಡುವ ಹುಡುಗರು ಸಾಕು ಎಂಬ ಮಾತು ಆಗಾಗ ಕೇಳುತ್ತದೆ. ಜಾಯ್‌ಸ್ಟಿಕ್ ಅವರಿಗೆ ಬೇಗ ಒಗ್ಗುವುದು ನಿಜ, ಆದರೆ ರಾಶಿಯ ಆಕಾರ ನೋಡಿ ಮೇಲೆ ಕಲ್ಲು ಸಿಕ್ಕಿಕೊಂಡಿದೆ ಎಂದು ಊಹಿಸುವುದು, ಬಂಡೆ ಉದುರುವ ಸೂಚನೆ ಹಿಡಿಯುವುದು ಸುರಂಗದಲ್ಲಿ ದುಡಿದವರಿಗೆ ಮಾತ್ರ ಬರುತ್ತದೆ. ಕ್ಯಾಬಿನ್ನಿನಲ್ಲಿ ಅನುಭವ ಇರುವವರನ್ನೇ ಆರಿಸಿ. ಕುರ್ಚಿಗೆ ಬಂದ ಮೇಲೂ ಆಗಾಗ ಕೆಳಗೆ ಇಳಿದು ತಾವು ನಡೆಸುವ ದಾರಿಯನ್ನು ನಡೆದು ನೋಡಲಿ. ಸ್ಕ್ರೀನಿನಲ್ಲಿ ಚಪ್ಪಟೆಯಾಗಿ ಕಾಣುವ ಇಳಿಜಾರು ನಿಜವಾಗಿ ಎಷ್ಟಿದೆ ಎಂದು ಕಾಲಿಗೆ ಗೊತ್ತಾಗುತ್ತದೆ.

ಸ್ಕ್ರೀನ್ ನೋಡುವ ದಣಿವು ಬೇರೆಯೇ ಬಗೆಯದು. ಗಂಟೆಗೊಮ್ಮೆ ಎದ್ದು ಹೋಗುವ ಬಿಡುವು ಕೊಡಿ. ಆಪರೇಟರ್ ಕುರ್ಚಿಯಿಂದ ಎದ್ದರೆ ಯಂತ್ರ ನಿಲ್ಲುವ ಸ್ವಿಚ್ ಸೀಟಿನಲ್ಲೇ ಇರಲಿ. ಮತ್ತೊಬ್ಬರು ಬಂದು ಕೂತಾಗ, ಬಕೆಟ್ ನೆಲಕ್ಕಿಳಿದು ಬ್ರೇಕ್ ಹಿಡಿದ ಸ್ಥಿತಿಯಿಂದಲೇ ಅವರ ಸರದಿ ಶುರುವಾಗಲಿ, ಓಡುತ್ತಿರುವ ಯಂತ್ರವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ಬೇಡ.